ಕೇಳದೆ ಬಿಟ್ಟ ರಸೀದಿ

"ಮೇಡಂ, ಇನ್ನೂ ಎಷ್ಟು ದಿನ ತಪ್ಪಿಸ್ಕೊಂಡು ತಿರುಗ್ತೀರಿ?"

ಅಕ್ಕಿ ಹಸನು ಮಾಡುತ್ತ ಕೂತವಳಿಗೆ ಮೊಬೈಲಿನಲ್ಲಿ ಬಂದ ಮೊದಲ ಮಾತೇ ಇದು. ನಮಸ್ಕಾರವೂ ಇಲ್ಲ, ಯಾರೆಂದು ಹೇಳುವುದೂ ಇಲ್ಲ. ನಾನು ಎಲ್ಲಿಯೂ ತಿರುಗುತ್ತಿರಲಿಲ್ಲ. ಮಾಳಮಡ್ಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಮೊರ ಹಿಡಿದು ಕೂತಿದ್ದೆ. ಆತ ವಸೂಲಿ ಕಂಪನಿಯವನಂತೆ. ನಮ್ಮ ಮನೆಯ ಹಳೆಯ ಫೋನಿನ ಎಂಟು ತಿಂಗಳ ಬಿಲ್ಲು, ಜೊತೆಗೆ ನಾನು ವಾಪಸು ಕೊಡದ ಮೋಡೆಮ್ಮಿನ ಬೆಲೆ, ಎಲ್ಲ ಸೇರಿಸಿ ಸಂಜೆಯೊಳಗೆ ಕಟ್ಟಬೇಕಂತೆ. ಇಲ್ಲವಾದರೆ ಮನೆಗೆ ಜನರನ್ನು ಕಳಿಸುತ್ತಾನಂತೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು ನಾನು. ಕಿರಾಣಿ ಅಂಗಡಿಯಲ್ಲಿ ಒಂದು ದಿನವೂ ಉದ್ರಿ ಬರೆಸಿದ ನೆನಪಿಲ್ಲ. ಮೈಯೆಲ್ಲ ಉರಿದುಹೋಯಿತು.

ಆ ಫೋನನ್ನು ನಾನು ಎಂಟು ತಿಂಗಳ ಹಿಂದೆಯೇ ಬಂದ್ ಮಾಡಿಸಿದ್ದೆ. ಅದಕ್ಕೆ ಬರುತ್ತಿದ್ದದ್ದು ರಾಂಗ್ ನಂಬರ್ ಕರೆಗಳು ಮಾತ್ರ. ಮೋಡೆಮ್ಮನ್ನು ಕೈಚೀಲದಲ್ಲಿ ಹಾಕಿಕೊಂಡು ಕಂಪನಿಯ ಆಫೀಸಿಗೆ ಹೋದರೆ, ಕೌಂಟರಿನ ಹಿಂದೆ ಇದ್ದವನು ತಟ್ಟನೆ ಎದ್ದು ನಿಂತ. ಗರಗದಿಂದ ಬಸ್ಸಿನಲ್ಲಿ ಬಂದು ನನ್ನ ಕೈಯಲ್ಲಿ ಓದಿದವನು. ಅಷ್ಟು ಜನರ ಮುಂದೆ ಹೊರಗೆ ಬಂದು ಕಾಲಿಗೆ ಬಿದ್ದ.

"ಅಕ್ಕೋರ, ಬಿಸಲಾಗ ನೀವ್ಯಾಕ ಬರಾಕ ಹೋದ್ರಿ? ಒಂದು ಮಾತು ಹೇಳಿದ್ರ ನಾನs ಮನಿಗೆ ಬಂದು ಒಯ್ತಿದ್ನೆಲ್ರಿ."

ಕುರ್ಚಿ ಹಾಕಿಸಿದ, ಚಹಾ ತರಿಸಿದ, ಅರ್ಜಿಯನ್ನು ತಾನೇ ತುಂಬಿದ. ನನ್ನದು ಸಹಿ ಅಷ್ಟೇ. ಏಳುವಾಗ ರಸೀದಿಯ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ನನ್ನ ಮುಖ ನೋಡಿ ಅವನೇ, "ನಾ ಅದೇನಲ್ರಿ ಅಕ್ಕೋರ, ಏನೂ ಕಾಳಜಿ ಮಾಡಬ್ಯಾಡ್ರಿ" ಎಂದ. ನಾನಿದ್ದೇನಲ್ಲ ಎಂದು ಅವನು ಹೇಳಿದ ಮೇಲೂ ರಸೀದಿ ಕೇಳುವುದೆಂದರೆ, ನಿನ್ನ ಮೇಲೆ ನನಗೆ ನಂಬಿಕೆಯಿಲ್ಲ ಎಂದು ಅವನ ಮುಖಕ್ಕೆ ಹೇಳಿದ ಹಾಗೆ. ನಮ್ಮ ಕಡೆ ಯಾವ ಅಕ್ಕೋರೂ ಹಾಗೆ ಕೇಳುವುದಿಲ್ಲ. ನಾನೂ ಕೇಳಲಿಲ್ಲ.

"ಕಟ್ಟಿ ಕೈ ತೊಳ್ಕೊಂಡ ಬಿಡು," ಎಂದರು ಮನೆಯವರು, ವಸೂಲಿಯವನ ಕರೆಯ ಸುದ್ದಿ ಹೇಳಿದಾಗ. ಪೇಪರಿನಿಂದ ಕಣ್ಣೂ ಎತ್ತಲಿಲ್ಲ.

"ಕೊಡಬೇಕಾಗಿದ್ರ ಕಟ್ತಿದ್ದೆ. ಕೊಡಬೇಕಾಗಿಲ್ಲ," ಎಂದೆ.

ಮರುದಿನ ಎದುರುಮನೆಯ ಕಾಕು ಕರಿಬೇವು ಕೇಳುವ ನೆಪದಲ್ಲಿ ಬಂದರು. ಅವರ ಹಿತ್ತಲಲ್ಲೇ ಆಳೆತ್ತರದ ಕರಿಬೇವಿನ ಗಿಡವಿದೆ. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ, ಕೊನೆಗೆ ದನಿ ತಗ್ಗಿಸಿದರು. "ಅಕ್ಕೋರ, ಏನರ ಅಡಚಣಿ ಇದ್ರ ಸಂಕೋಚ ಮಾಡಬ್ಯಾಡ್ರಿ. ನಮ್ಮ ಕಡಿಂದ ಆದಷ್ಟು ಕೊಡ್ತೇವಿ."

ಫೋನು ತೆಗೆದುಕೊಳ್ಳುವಾಗ ಎರಡನೆಯ ನಂಬರು ಬೇಕೆಂದಿದ್ದಕ್ಕೆ ಇವರದನ್ನು ಕೊಟ್ಟಿದ್ದೆ. ವಸೂಲಿಯವನು ಅದಕ್ಕೆ ಕರೆ ಮಾಡಿ, ನಿಮ್ಮ ಎದುರುಮನೆಯವರು ಬಾಕಿ ಮುಳುಗಿಸಿದ್ದಾರೆ, ಬುದ್ಧಿ ಹೇಳಿ ಎಂದಿದ್ದ. ಕಾಕು ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಅವರ ಕರುಣೆಯನ್ನು ಏನು ಮಾಡಲಿ? ನಮ್ಮ ಓಣಿಯಲ್ಲಿ ನಾನು ಗಳಿಸಿದ್ದು ಒಂದೇ, ನನ್ನ ಹೆಸರು. ಅದನ್ನು ಮುಖ ಕಾಣದ ಯಾವನೋ ಒಬ್ಬ ಎರಡು ನಿಮಿಷದಲ್ಲಿ ಬೀದಿಗೆ ತಂದಿದ್ದ.

ಅವತ್ತೇ ಆಫೀಸಿಗೆ ಹೋದೆ. ನನ್ನ ಶಿಷ್ಯನನ್ನು ಹುಬ್ಬಳ್ಳಿ ಆಫೀಸಿಗೆ ಹಾಕಿದ್ದರು. ಮ್ಯಾನೇಜರು ಕಂಪ್ಯೂಟರಿನಲ್ಲಿ ನೋಡಿ, ಮೋಡೆಮ್ ಬಂದಿಲ್ಲ, ಅದಕ್ಕೇ ಫೋನು ಬಂದ್ ಆಗಿಲ್ಲ ಎಂದ. ರಸೀದಿ ಕೇಳಿದ. ಇಲ್ಲ ಎಂದಾಗ ಬಿಳಿ ಹಾಳೆ ನನ್ನ ಮುಂದೆ ಸರಿಸಿದ.

"ಯಾರ ಕೈಯಾಗ ಕೊಟ್ರಿ, ಹೆಸರು ಬರದು ಕೊಡ್ರಿ. ಗುತ್ತಿಗಿ ಹುಡುಗರು ಅವರು. ನಾಳಿನs ತಗದು ಹಾಕ್ತೇವಿ."

ಪೆನ್ನು ತೆಗೆದವಳು ಮತ್ತೆ ಮುಚ್ಚಿದೆ. ನನ್ನ ಹೆಸರು ಉಳಿಯಬೇಕಾದರೆ ಅವನ ಹೆಸರು ಬರೆಯಬೇಕು. ಎಂಥ ನ್ಯಾಯ ಇದು? ತಪ್ಪು ಯಾರದೆಂದು ಹುಡುಕುವ ಮೊದಲೇ ಒಬ್ಬನ ಅನ್ನ ಕಿತ್ತುಕೊಳ್ಳಲು ತಯಾರಾಗಿ ಕೂತಿದ್ದ ಆ ಮನುಷ್ಯನನ್ನು ಬೆಂಚಿನ ಮೇಲೆ ನಿಲ್ಲಿಸಬೇಕು ಅನಿಸಿತು. ಹಾಳೆಯನ್ನು ಖಾಲಿಯೇ ಬಿಟ್ಟು ಮನೆಗೆ ಬಂದೆ.

ಶಿಷ್ಯನ ನಂಬರು ಹುಡುಕಿ ಫೋನು ಮಾಡಿದೆ. ರವಿವಾರ ಮುಂಜಾನೆ ಬಂದ. ಕೈಯಲ್ಲಿ ಇನ್ನೂರು ಪುಟದ ಒಂದು ವಹಿ. ಕಂಪ್ಯೂಟರನ್ನು ನಂಬದೆ ತಾನು ತೆಗೆದುಕೊಂಡ ಪ್ರತಿ ಮೋಡೆಮ್ಮನ್ನೂ ಅದರಲ್ಲಿ ಬರೆದಿಟ್ಟಿದ್ದ. ಎಡಕ್ಕೆ ಗೆರೆ ಎಳೆದು ಬಿಟ್ಟ ಸಮಾಸು, ಮೇಲೆ ಮೂಲೆಯಲ್ಲಿ ತಾರೀಖು. ನಾನು ಕಲಿಸಿದ ಹಾಗೆಯೇ. ನನ್ನ ಮೋಡೆಮ್ಮಿನ ನಂಬರಿನ ಮುಂದೆ ಗೋದಾಮಿನವನ ಸಹಿಯೂ ಇತ್ತು. ಅಂದರೆ ಕಳೆದದ್ದು ಗೋದಾಮಿನಲ್ಲಿ. ಗೋದಾಮಿನವನಿಂದ ಸಹಿ ತೆಗೆದುಕೊಂಡಿದ್ದ ಹುಡುಗ ನನಗೆ ರಸೀದಿ ಕೊಟ್ಟಿರಲಿಲ್ಲ. ಅಕ್ಕೋರಿಗೆ ರಸೀದಿ ಕೊಡುವುದೂ ಅವನಿಗೆ ಮರ್ಯಾದೆಗೇಡು ಅನಿಸಿತ್ತಂತೆ.

"ಒಯ್ದು ತೋರಿಸ್ರಿ ಅಕ್ಕೋರ," ಎಂದು ವಹಿಯನ್ನು ಕೈಗಿಟ್ಟ. ಹೊರಟವನು ಹೊಸ್ತಿಲು ದಾಟಲಿಲ್ಲ. ನೆಲ ನೋಡುತ್ತ ನಿಂತ.

"ತಪ್ಪು ತಿಳ್ಕೋಬ್ಯಾಡ್ರಿ. ಎಲ್ಲಾರ ಲೆಕ್ಕಾನೂ ಅದರಾಗ ಐತ್ರಿ, ನನಗ ಅದೊಂದs ಆಧಾರ. ವಹಿ ನಿಮ್ಮ ಕಡೆ ಐತಿ ಅಂತ ಒಂದು ಚೀಟಿ ಬರದು ಕೊಡ್ತೀರೇನ್ರಿ?"

ಬರೆದು ಕೊಟ್ಟೆ. ಮೂಲೆಯಲ್ಲಿ ತಾರೀಖು ಹಾಕಿ, ಕೆಳಗೆ ಸಹಿ ಮಾಡಿದೆ. ಅವನು ಅದನ್ನು ಓದದೆ ಮಡಚಿ ಜೇಬಿಗೆ ಹಾಕಿಕೊಂಡ.

ವಹಿ ನೋಡಿದ ಮ್ಯಾನೇಜರು ಹದಿನೈದು ದಿನಕ್ಕೆ ಪತ್ರ ಕಳಿಸಿದ: ವಿಶೇಷ ಪ್ರಕರಣವೆಂದು ನಿಮ್ಮ ಬಾಕಿಯನ್ನು ಮನ್ನಾ ಮಾಡಲಾಗಿದೆ. ಕಾಕು ಓದಿ, "ಛಲೋ ಆತು, ದೊಡ್ಡ ಮನಸು ಮಾಡ್ಯಾರ," ಎಂದರು. ಪಿತ್ತ ನೆತ್ತಿಗೇರಿತು. ಇಲ್ಲದ ಬಾಕಿಯನ್ನು ಮನ್ನಾ ಮಾಡಲು ಇವರು ಯಾರು? ಕೆಂಪು ಶಾಯಿಯಲ್ಲಿ ಆ ಸಾಲಿಗೆ ಕಾಟು ಹೊಡೆದು, ಆಫೀಸಿಗೆ ಹೋಗಿ ಪತ್ರವನ್ನು ಮ್ಯಾನೇಜರನ ಮೇಜಿನ ಮೇಲಿಟ್ಟು, "ತಿದ್ದಿ ಬರದು ಕೊಡ್ರಿ, ನಾ ಇಲ್ಲೇ ಕೂಡ್ತೇನಿ" ಎಂದೆ. ಎರಡು ತಾಸು ಕೂತೆ. ಬಾಕಿ ಇರಲೇ ಇಲ್ಲ, ತಪ್ಪು ನಮ್ಮದು ಎಂದು ಬರೆಸಿಕೊಂಡು, ಕಂಪನಿಯ ಶಿಕ್ಕಾ ಒತ್ತಿಸಿಕೊಂಡೇ ಎದ್ದೆ. ಕಾಕುವಿಗೆ ಅದನ್ನು ಎರಡು ಸಲ ಓದಿ ಹೇಳಿದೆ.

ವಹಿ ಒಯ್ಯಲು ಬಂದ ಶಿಷ್ಯ ಚೀಟಿ ವಾಪಸು ಕೊಟ್ಟು, "ಹರದು ಒಗೀರಿ ಅಕ್ಕೋರ," ಎಂದ. ಗೆದ್ದ ಖುಷಿ ಅಲ್ಲಿಗೆ ಮುಗಿಯಿತು. ಆ ಕಂಪನಿಯ ಮೇಲೆ ನನಗೆ ಇವತ್ತಿಗೂ ಇರುವ ಸಿಟ್ಟು ನಮ್ಮಿಬ್ಬರ ನಡುವೆ ಬಂದ ಆ ಚೀಟಿಯದು. ಶಿಷ್ಯ ನನ್ನ ಕಾಲಿಗೆ ಬೀಳುವುದನ್ನು ಈಗಲೂ ಬಿಟ್ಟಿಲ್ಲ, ಆದರೆ "ನಾ ಅದೇನಲ್ರಿ" ಎಂದು ಮಾತ್ರ ಮತ್ತೆ ಯಾವತ್ತೂ ಹೇಳಿಲ್ಲ.