ಹಬೂಬ್‌ನ ಪಾಲು

ತನಿಯನ ಬಾಯಿಗೊಂದು ಬೀಗವಿದ್ದಿದ್ದರೆ ಈ ನಾಯಿ ಅವನಿಗೆ ಗಂಟು ಬೀಳುತ್ತಿರಲಿಲ್ಲ. ಹದಿನೇಳು ವರ್ಷದಿಂದ ಕತಾರಿನಲ್ಲಿ ಅರಬಾಬನ, ಅಂದರೆ ಅರಬ್ ಯಜಮಾನನ, ಕಾರು ಓಡಿಸುತ್ತಿದ್ದವನು ಇನ್ನಷ್ಟು ಕಾಲ ತೆಪ್ಪಗೆ ಓಡಿಸಿಕೊಂಡಿರಬಹುದಿತ್ತು. ಆದರೆ ಯಜಮಾನ ಒಂದು ದಿನ ಹಬೂಬ್ ಎಂಬ ಎಂಟು ತಿಂಗಳ ಸಲೂಕಿ ಬೇಟೆನಾಯಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡಾಗ, ಬೆಳ್ತಂಗಡಿ ಕಡೆಯ ಈ ಮಹಾಶಯ ಅಜ್ಜನ ಹಂದಿಬೇಟೆಯ ಕಥೆ ಬಿಚ್ಚಿದ. ಆರು ನಾಯಿಗಳಿದ್ದವಂತೆ, ಎಲ್ಲವನ್ನೂ ಪಳಗಿಸಿದ್ದು ತಾನೇ ಅಂತೆ. ಆಗ ತನಗೆ ಏಳು ವರ್ಷ ಎಂಬುದೊಂದನ್ನು ಹೇಳಲು ಮರೆತ.

"ಹಾಗಾದರೆ ನೀನೇ ಕಲಿಸು," ಎಂದ ಅರಬಾಬ. "ಇದು ಮೊಲ ಹಿಡಿದ ಮರುದಿನ ನಿನಗೆ ರಜೆ. ಯಲ್ಲಾ, ಶುರು ಮಾಡು!"

ರಜೆಗಾಗಿ ತನಿಯ ಎರಡು ತಿಂಗಳಿಂದ ಕಾಡುತ್ತಿದ್ದ. ಊರಿನಲ್ಲಿ ಮಗಳು ನಿಶ್ಮಿತಾ ಹೆತ್ತಿದ್ದಳು. ಮಗುವಿನ ಹೆಸರನ್ನು ಅಜ್ಜನೇ ಕಿವಿಯಲ್ಲಿ ಮೂರು ಸಲ ಹೇಳಬೇಕೆಂಬುದು ಅವರ ಮನೆಯ ಕ್ರಮ. ಹಾಗೆಂದೇ ನಾಮಕರಣವನ್ನು ನವೆಂಬರಿಗೆ ತಳ್ಳಿ ಕುಳಿತಿದ್ದರು.

ಅಲ್ ವುಕೈರ್‌ನಲ್ಲಿ ತನಿಯನ ಕಟ್ಟಡದಲ್ಲೇ ಇದ್ದ ಮೈಸೂರಿನ ಮುದ್ದುಕೃಷ್ಣ ಲುಸೈಲ್‌ನ ಆಫೀಸಿನಲ್ಲಿ ಕಾಗದಪತ್ರಗಳ ನಡುವೆಯೇ ತಲೆ ನರೆಸಿಕೊಂಡವನು. "ತನಿಯಣ್ಣ, ಒಂದು ಮೇಲ್‌ನಲ್ಲಾದ್ರೂ ಕನ್ಫರ್ಮ್ ಮಾಡಿಸ್ಕೊಳಿ. ಬಾಯಿಮಾತು ನಂಬ್ಬೇಡಿ," ಎಂದ.

"ಅರಬಾಬ ಹಾಗಿನ ಜನ ಅಲ್ಲ ಮಾರಾಯ್ರೆ. ನಾಯಿದು ನಂಗೆ ಬಿಡಿ, ನಂಗೆ ಗೊತ್ತುಂಟು," ಎಂದ ತನಿಯ.

ಹಗಲಿನ ಬಿಸಿಲಿಗೆ ನಾಯಿ ಬಾಡೀತೆಂದು ಪಾಠವೆಲ್ಲ ರಾತ್ರಿ. ಹೊರಗಿನ ಮರುಭೂಮಿಯಲ್ಲಿ ಬೇಟೆಗೆ ನೂರೆಂಟು ಕಾನೂನು. ಆದ್ದರಿಂದ ಅರಬಾಬನ ವೀರ ಬೇಟೆ ಅವನದೇ ತೋಟದ ಬೇಲಿಯೊಳಗೆ. ಭಯಂಕರ ಕಾಡುಪ್ರಾಣಿ ಸಂತೆಯಿಂದ ಪಂಜರದಲ್ಲಿ ಸೊಪ್ಪು ಮೆಲ್ಲುತ್ತ ಬರಬೇಕಿತ್ತು. ಹಬೂಬ್‌ನ ಕೋಣೆಯ ಎಸಿ ತನಿಯನ ಕೋಣೆಯದ್ದಕ್ಕಿಂತ ಚೆನ್ನಾಗಿ ಓಡುತ್ತಿತ್ತು.

ಮೊದಲ ವಾರ ಕತ್ತಲಲ್ಲಿ ಬರೀ ನಡಿಗೆ. ಗಾಳಿಯನ್ನೇ ಹಿಂದಿಕ್ಕುವ ತಳಿಯ ಕುಡಿ, ಹಾರಿಬಂದ ಪ್ಲಾಸ್ಟಿಕ್ ಚೀಲಕ್ಕೆ ಹೆದರಿ ತನಿಯನ ಕಾಲ ಸಂದಿಗೆ ನುಗ್ಗಿತು. ಎರಡನೇ ವಾರ ಕಾರಿನ ಸದ್ದು ಮತ್ತು ಬೆಳಕು ಅಭ್ಯಾಸ ಮಾಡಿಸಿದ. ಆಮೇಲೆ ಹಗ್ಗದ ತುದಿಗೆ ಮೊಲದ ಚರ್ಮ ಕಟ್ಟಿ ಎಳೆಯಬೇಕು. ಎಳೆಯುವವರು ಯಾರು? ಐವತ್ತೆರಡರ ತನಿಯ ಹೊಟ್ಟೆ ಕುಣಿಸುತ್ತ ಹೆಡ್‌ಲೈಟಿನ ಬೆಳಕಿನಲ್ಲಿ ಓಡಿದ. ಮೂರು ರಾತ್ರಿ ನಾಯಿ ಕುಳಿತಲ್ಲೇ ಕುಳಿತು ಮರುಕದಿಂದ ನೋಡಿತು.

ಆಗ ಅವನಿಗೆ ಅಜ್ಜನ ಕ್ರಮವೊಂದು ನೆನಪಾಯಿತು. ಬೇಟೆಯಾದೊಡನೆ ಯಾರ ಪಾಲಿಗಿಂತಲೂ ಮೊದಲು ನಾಯಿಯ ಪಾಲು. ಈಲಿಯ, ಅಂದರೆ ಲಿವರಿನ, ಒಂದು ತುಂಡನ್ನು ಅಜ್ಜ ತನ್ನ ಕೈಯಾರೆ ತಿನ್ನಿಸುತ್ತಿದ್ದ. ತನಿಯ ಕೋಳಿಯ ಈಲಿ ಬೇಯಿಸಿ ಜೇಬಿನಲ್ಲಿಟ್ಟುಕೊಂಡು ಹೋದ. ಚರ್ಮ ಕಚ್ಚಿ ತಂದರೆ ಒಂದು ತುಂಡು. ಹಬೂಬ್‌ಗೆ ಕುಲದ ವಿದ್ಯೆ ಒಮ್ಮೆಲೇ ನೆನಪಾಯಿತು. ಮೂರು ವಾರದಲ್ಲಿ ಅದು ಬಾಣದಂತೆ ಓಡತೊಡಗಿತು. ಹಲ್ಲು ನಾಟಿಸದೆ ತಂದು ಕೊಡತೊಡಗಿತು.

ಪ್ರದರ್ಶನದ ರಾತ್ರಿ ಅರಬಾಬನ ನಾಲ್ವರು ಗೆಳೆಯರು ಬಂದರು. ಜಮಖಾನ ಹಾಸಿ ಗಾವಾ ಕಾಫಿ ಕುಡಿದರು. ಪಂಜರ ತೆರೆಯಿತು. ಹಬೂಬ್ ಬೆಳಕಿನ ದಾರಿಯಲ್ಲಿ ಹಾರಿ, ಮೊಲವನ್ನು ಮೃದುವಾಗಿ ಕಚ್ಚಿ ತಿರುಗಿತು. ಅರಬಾಬ ಹಲಾಲ್ ಮಾಡಲು ಚೂರಿ ಹಿಡಿದು, ತೋಳು ಚಾಚಿ, ಗಂಭೀರವಾಗಿ ನಿಂತಿದ್ದ. ನಾಯಿ ಅವನತ್ತ ತಿರುಗಿಯೂ ನೋಡದೆ ಮುಂದೆ ಬಂದು, ಕಾರಿನ ಮರೆಯಲ್ಲಿದ್ದ ತನಿಯನ ಕಾಲ ಬಳಿ ಮೊಲವನ್ನಿಟ್ಟು ಅವನ ಜೇಬು ಮೂಸಿತು.

"ನಾಯಿ ಯಾರದು?" ಎಂದು ಗೆಳೆಯರು ಬಿದ್ದು ಬಿದ್ದು ನಕ್ಕರು. ತನಿಯನ ಎದೆ ಉಬ್ಬಿತು. ಅರಬಾಬನೂ ನಕ್ಕ.

"ನಾಳೆ ಟಿಕೆಟ್, ಬಾಬಾ?" ಎಂದು ತನಿಯ ಕೇಳಿದ.

"ಟಿಕೆಟಾ? ನೀನು ಹೋದರೆ ಇದು ಯಾರಿಗೆ ತರುತ್ತದೆ? ಚಳಿಗಾಲ ಮುಗಿಯಲಿ. ಖಲಾಸ್." ಹೇಳಿ, ಪ್ರೀತಿಯಿಂದಲೇ ಬೆನ್ನು ತಟ್ಟಿದ.

ಮುದ್ದುಕೃಷ್ಣ 'ನಾನು ಹೇಳಿರಲಿಲ್ಲವೇ' ಎನ್ನಲಿಲ್ಲ. ಮೂರು ದಿನ ತಡೆದುಕೊಂಡು, ನಾಲ್ಕನೆಯ ದಿನ ಹೇಳಿದ.

ನಾಮಕರಣದ ಶುಕ್ರವಾರ ಬೆಳಿಗ್ಗೆ ತನಿಯ ತೋಟದಲ್ಲಿ ಹಬೂಬ್‌ನ ಮೈ ಬಾಚುತ್ತಿದ್ದ. ಫೋನ್ ಬಂತು.

"ಅಪ್ಪ, ಮಗುವಿನ ಕಿವಿ ಹತ್ರ ಹಿಡಿದಿದ್ದೇನೆ, ಹೇಳಿ," ಎಂದಳು ನಿಶ್ಮಿತಾ.

"ಗ್ರೀಷ್ಮಾ," ಎಂದ. ಎರಡನೇ ಸಲವೂ ಹೇಳಿದ. ಮೂರನೆಯದನ್ನು ಹೇಳುವಷ್ಟರಲ್ಲಿ ಆ ಕಡೆ ಮಗು ಕಿರುಚಿ ಅಳತೊಡಗಿತು.

"ಎಂತಾಯ್ತು ಮಗಾ?"

"ಎಂತ ಇಲ್ಲಪ್ಪ. ನಿಮ್ಮ ಸ್ವರದ ಗುರ್ತ ಇಲ್ಲ ಅಲ್ವಾ ಅದಕ್ಕೆ."

ತನಿಯನ ಸ್ವರದ ಗುರುತು ಚೆನ್ನಾಗಿಯೇ ಇದ್ದ ಹಬೂಬ್ ಎದ್ದು ಬಂದು ಜೇಬಿಗೆ ಮೂತಿ ತೂರಿಸಿತು. ಅವನು ಫೋನನ್ನು ಭುಜಕ್ಕೆ ಒತ್ತಿಕೊಂಡು, ಒಂದು ತುಂಡು ಈಲಿ ತೆಗೆದು ಕೊಟ್ಟ.