ರಂಗತ್ತೆಯ ನೈಲಾನ್ ಮಡಿ

ಮಗಳು ಹಾಸಿಗೆಯ ಮೇಲೆ ಸೂಟ್‌ಕೇಸು ತೆರೆದಿಟ್ಟುಕೊಂಡು ಅದರೊಳಕ್ಕೆ ಬಟ್ಟೆ ತುರುಕುತ್ತಿದ್ದಳು. ಅಟ್ಟದಿಂದ ಇಳಿಸಿದ ಹಳೆಯ ಸ್ವೆಟರೊಂದನ್ನು ಕೊಡವಿದಳು ನೋಡಿ, ನುಸಿಗುಳಿಗೆಯ ವಾಸನೆ ಕೋಣೆಯನ್ನೆಲ್ಲ ತುಂಬಿತು. ಅವಳೂ ಅವಳ ಗಂಡನೂ ಹಡಗಿನಲ್ಲಿ ವಿಹಾರಕ್ಕೆ ಹೊರಟಿದ್ದಾರೆ. ಹಗಲು ಸೆಕೆ, ರಾತ್ರಿ ಗಾಳಿ, ನಡುವೆ ಮಳೆ ಬಂದರೂ ಬರಬಹುದು ಎಂದು ಯಾರೋ ಹೇಳಿದ್ದರಂತೆ. "ಏನು ಹಾಕ್ಕೊಂಡು ಹೋಗಲಿ ಅಮ್ಮ?" ಎಂದಳು. ಮಂಡ್ಯದಲ್ಲಿ ಹುಟ್ಟಿ ಮಂಡ್ಯದಲ್ಲೇ ಮುದುಕಿಯಾದವಳನ್ನು ಸಮುದ್ರದ ಹವೆಯ ಬಗ್ಗೆ ಕೇಳುವುದೇ, ನೀವೇ ಹೇಳಿ. ಆದರೆ ಇದೇ ಪ್ರಶ್ನೆ ನಮ್ಮ ಮನೆಯಲ್ಲಿ ಹಿಂದೆ ಒಮ್ಮೆ ಎದ್ದಿತ್ತು. ಆಗ ಬಂದ ಉತ್ತರಗಳನ್ನೆಲ್ಲ ನಾನು ಹತ್ತಿರದಿಂದ ಕೇಳಿದ್ದೇನೆ. ಕೇಳಿದ್ದು, ಕಂಡದ್ದು ಎಷ್ಟೋ ಅಷ್ಟನ್ನೇ ಹೇಳುತ್ತೇನೆ. ನೆನಪಿಲ್ಲದ ಕಡೆ ನೆನಪಿಲ್ಲ ಎನ್ನುತ್ತೇನೆ.

ಎಪ್ಪತ್ತರ ದಶಕ, ನಾನು ಕಾಲೇಜಿಗೆ ಹೋಗುತ್ತಿದ್ದ ಕಾಲ. ಯಾವ ವರ್ಷ ಎಂಬುದು ಖಚಿತವಿಲ್ಲ. ದಸರಾ ರಜೆ ಎಂಬುದು ಖಚಿತ. ಅಪ್ಪ ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ಭೂಪಟದ ನೀಲಿಯ ಮೇಲೆ ಕೋಲು ಆಡಿಸುತ್ತ, ಮಾನ್ಸೂನ್ ಮಾರುತಗಳನ್ನು ಅತ್ತಿಂದಿತ್ತ ಓಡಿಸುತ್ತ ಅರ್ಧ ಆಯಸ್ಸು ಕಳೆದವರು. ಸಮುದ್ರವನ್ನು ಮಾತ್ರ ಕಂಡವರಲ್ಲ. ಇದು ಅವರನ್ನು ಒಳಗೊಳಗೇ ಕುಟುಕುತ್ತಿದ್ದಿರಬೇಕು. ಬೊಂಬಾಯಿಯಲ್ಲಿ ಹತ್ತಿದರೆ ಗೋವಾದಲ್ಲಿ ಇಳಿಸುವ ಹಡಗೊಂದಿದೆ, ಒಂದು ಹಗಲು ಒಂದು ರಾತ್ರಿ ನೀರಿನ ಮೇಲೆಯೇ ಇರಬಹುದು ಎಂದು ಎಲ್ಲಿಂದಲೋ ತಿಳಿದುಕೊಂಡು ಬಂದವರು, ಊಟದ ಎಲೆಯ ಮುಂದೆ ಘೋಷಿಸಿಯೇಬಿಟ್ಟರು.

ನಮ್ಮ ಬೀದಿಯಲ್ಲಿ ಯಾರಾದರೂ ದೂರದ ಊರಿಗೆ ಹೊರಟರೆ ಬೀದಿಗೆ ಬೀದಿಯೇ ಹೊರಟಂತೆ. ತಮ್ಮ ಕಾಲು ಹೋಗದ ಕಡೆಗೆ ತಮ್ಮ ಬಟ್ಟೆಯಾದರೂ ಹೋಗಲಿ ಎಂದೋ ಏನೋ, ಎಲ್ಲರೂ ಒಂದೊಂದು ತಂದುಕೊಡುತ್ತಿದ್ದರು. ಊಟಿಗೆ ಹೋಗಿಬಂದಿದ್ದ ಗುಮಾಸ್ತರೊಬ್ಬರು ಜಗತ್ತಿನ ಸಕಲ ಚಳಿಗೂ ತಾವೇ ಅಧಿಕಾರಿಗಳೆಂಬಂತೆ ಮಂಕಿ ಕ್ಯಾಪು ತಂದರು. ಮಂಗಳೂರಿನಲ್ಲಿ ಬಸ್ಸಿನ ಕಿಟಕಿಯಿಂದ ಸಮುದ್ರ ನೋಡಿದ್ದ ನಿವೃತ್ತ ಪೋಸ್ಟ್ ಮಾಸ್ತರರು, "ಉಪ್ಪು ಗಾಳಿ ರೀ, ಹತ್ತಿಬಟ್ಟೆ ಪಿಸಿದುಹೋಗತ್ತೆ" ಎಂದು ಹೆದರಿಸಿ, ಮಫ್ಲರ್ ಕೊಟ್ಟು ಹೋದರು. ಪಕ್ಕದ ಮನೆಯ ನಿಂಗಮ್ಮ, ತನ್ನ ಗಂಡ ಕಬ್ಬಿನ ಗದ್ದೆಗೆ ಇಳಿಯುವಾಗ ಹಾಕಿಕೊಳ್ಳುತ್ತಿದ್ದ ರಬ್ಬರ್ ಬೂಟು ತಂದು ಜಗಲಿಯ ಮೇಲಿಟ್ಟಳು. "ಮಡೀಕಳಿ ಮೇಷ್ಟ್ರೇ. ಅಡಗು ತೂತಾದ್ರೆ ಬೇಕಾಯ್ತದೆ."

ಅಪ್ಪ ಯಾವುದನ್ನೂ ಬೇಡ ಎನ್ನಲಿಲ್ಲ. ಹಗಲು ನೀರಿನ ಕಡೆಯಿಂದ ಗಾಳಿ, ರಾತ್ರಿ ನೆಲದ ಕಡೆಯಿಂದ ಗಾಳಿ, ಮಧ್ಯಾಹ್ನ ಸೆಕೆ, ಹಿಂಗಾರು ಮಳೆ ಯಾವಾಗಲಾದರೂ ಸರಿ: ಪಾಠದಲ್ಲಿದ್ದ ಎಲ್ಲ ಹವೆಯೂ ಆ ಒಂದೇ ದಿನ ತಮ್ಮ ಮೇಲೆ ಬೀಳಲಿದೆ ಎಂದು ಅವರು ನಂಬಿದ್ದರು. ಕನ್ನಡಿಯ ಮುಂದೆ ನಿಂತು ಬನಿಯನ್ನು, ಷರ್ಟು, ಸ್ವೆಟರು, ಕೋಟು, ಮಫ್ಲರು, ಅದರ ಮೇಲೆ ಮಳೆಕೋಟು ಹಾಕಿ ನೋಡಿಕೊಂಡರು. ಮುಖ ಬದನೆಕಾಯಿಯಂತಾಗಿತ್ತು. "ಹಡಗು ಮುಳುಗಿದ್ರೆ ಎಲ್ಲರೂ ತೇಲಿದರೂ ನೀವು ತೇಲಲ್ಲ ಬಿಡಿ" ಎಂದಳು ಅಮ್ಮ.

ಇಷ್ಟು ಹೊತ್ತೂ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ನೋಡುತ್ತಿದ್ದ ರಂಗತ್ತೆ ಆಗ ಕೇಳಿದಳು. "ನಾನೂ ಬರ್ತೀನಿ ಕಣೋ ಶೀನ."

ರಂಗತ್ತೆ ಅಪ್ಪನ ಅಕ್ಕ. ಮಳವಳ್ಳಿಗೆ ಕೊಟ್ಟಿದ್ದರು. ಗಂಡನಿಗೆ ಕಾವೇರಿ ಜಲಪಾತದ ಪಕ್ಕದ ಬ್ಲಫಿನ ವಿದ್ಯುತ್ ಕೇಂದ್ರದಲ್ಲಿ ಕೆಲಸ. ಕೆಲವು ವರ್ಷ ಅಲ್ಲಿ ಸಂಸಾರ ಮಾಡಿದಳು, ಆಮೇಲೆ ಅವನು ತೀರಿಕೊಂಡ, ಇವಳು ಅಂಚಿಲ್ಲದ ಬಿಳಿ ಸೀರೆ ಉಟ್ಟು ತಮ್ಮನ ಮನೆಗೆ ಬಂದಳು. ನಾನು ಹುಟ್ಟುವ ಮೊದಲಿನ ಮಾತು ಇದು. ಬ್ಲಫಿನ ದಿನಗಳ ಬಗ್ಗೆ ಅವಳು ಹೇಳುತ್ತಿದ್ದುದು ಒಂದೇ ಸಂಗತಿ: ಹಗಲೂ ರಾತ್ರಿ ನೀರು ಬೀಳುವ ಸದ್ದು. "ಅಷ್ಟು ನೀರು ಎಲ್ಲಿಗೆ ಹೋಗಿ ನಿಲ್ಲತ್ತೆ ಅಂತ ಒಂದು ಸಲ ನೋಡಬೇಕು" ಎಂದಳು ಅಪ್ಪನಿಗೆ.

"ಕಾವೇರಿ ಬಂಗಾಳ ಕೊಲ್ಲಿಗೆ ಹೋಗತ್ತೆ ಅಕ್ಕ. ನಾವು ಹೋಗ್ತಿರೋದು ಅರಬ್ಬೀ ಸಮುದ್ರ."

"ಎರಡೂ ಒಂದಕ್ಕೊಂದು ಸೇರ್ಕೊಂಡಿಲ್ವೇನೋ?"

ಭೂಗೋಳದ ಮೇಷ್ಟ್ರು ಇಲ್ಲ ಎನ್ನುವಂತಿರಲಿಲ್ಲ. ಬೇರೆ ಕಡೆಯಿಂದ ಬಂದರು. "ನಿನ್ನ ಮಡಿ ಏನು ಮಾಡ್ತೀಯ?"

ಮಡಿ ಎಂದರೆ ರಂಗತ್ತೆಗೆ ಉಸಿರಾಟದಷ್ಟೇ ಸಹಜ. ಒಗೆದ ಸೀರೆಯನ್ನು ಸೂರಿನ ಹತ್ತಿರ ತೂಗುಬಿಟ್ಟ ಬಿದಿರಿನ ಮೇಲೆ ಕೋಲಿನಿಂದ ಹರವಿ, ಯಾರೂ ಮುಟ್ಟದಂತೆ ಒಣಗಿಸಿ, ಮರುದಿನ ಅದನ್ನುಟ್ಟೇ ಪೂಜೆ, ಅಡುಗೆ. ಹಡಗಿನಲ್ಲಿ ಬಿದಿರೆಲ್ಲಿ? ಮಳೆ ಬಂದರೆ? ಆ ತೇವದ ಗಾಳಿಯಲ್ಲಿ ಒಂಬತ್ತು ಗಜದ ಹತ್ತಿ ಸೀರೆ ಒಣಗುವುದಾದರೂ ಹೇಗೆ? ಅಪ್ಪನ ದನಿಯಲ್ಲಿ ಎಷ್ಟು ಕಾಳಜಿ ಇತ್ತೆಂದರೆ, ಅಕ್ಕನ ಸೀರೆ ಒಣಗದಿದ್ದರೆ ಅವರು ಹಡಗಿನ ಮೇಲೆ ಅತ್ತೇಬಿಡುತ್ತಾರೆ ಎಂದು ನನಗೆ ಅನಿಸಿತು.

"ಧಾವಳಿ ಉಟ್ಕೋತೀನಿ" ಎಂದಳು ರಂಗತ್ತೆ. ಧಾವಳಿ ಉಣ್ಣೆಯದು, ದಿನಾ ಒಗೆಯದಿದ್ದರೂ ಮಡಿಗೆ ಬರುತ್ತದೆ.

"ಮಧ್ಯಾಹ್ನದ ಸೆಕೆಗೆ ಬೆಂದುಹೋಗ್ತೀಯ" ಎಂದರು, ಕೋಟು ಮಫ್ಲರಿನಲ್ಲಿ ಬೇಯುತ್ತಿದ್ದ ಅಪ್ಪ.

ಮಾತು ಅಲ್ಲಿಗೆ ನಿಂತಿತು. ರಂಗತ್ತೆಯ ತಲೆ ನಿಲ್ಲಲಿಲ್ಲ. ಮರುದಿನ ಬಾವಿಕಟ್ಟೆಯಲ್ಲಿ ನಿಂಗಮ್ಮ ಬಟ್ಟೆ ಒಗೆಯುತ್ತಿದ್ದಳು. ಅವಳು ಹೂವಿನ ಸೀರೆಯೊಂದನ್ನು ಹಿಂಡಿ ಬೇಲಿಗೆ ಹಾಕಿದ್ದು, ಎರಡು ಮನೆಯ ಸುದ್ದಿ ಹೇಳಿ ಮುಗಿಸುವುದರೊಳಗೆ ತೆಗೆದು ಮಡಿಸಿದ್ದು, ಎರಡನ್ನೂ ರಂಗತ್ತೆ ನೋಡಿದಳು.

"ಅದೇನೇ ಅದು, ಆಗಲೇ ಒಣಗಿಹೋಯ್ತು?"

"ನೈಲಾನು ಕಣ್ರವ್ವ. ಎಲ್ಡ್ ಸತಿ ಒದ್ರಿದ್ರೆ ಮುಗೀತು. ನಮ್ಮತ್ತೆ ಬೈತದೆ, ಸೀರೆ ಉಟ್ಟವ್ಳೋ ಗಾಳಿ ಉಟ್ಟವ್ಳೋ ಅಂತ."

"ನಂಗೊಂದು ತಂದುಕೊಡ್ತೀಯಾ? ಬಿಳೀದು."

ನಿಂಗಮ್ಮ ಮದ್ದೂರಿನ ತವರಿಗೆ ಹೋದಾಗ ಅಲ್ಲಿಯ ಅಂಗಡಿಗಳನ್ನೆಲ್ಲ ಸುತ್ತಿ ಬಂದಳು. "ಬಿಳೀದು ಬರಾಕಿಲ್ವಂತೆ ಕಣ್ರವ್ವ, ಅಂಗಡಿಯೋನು ನಗಾಡ್ತಾನೆ. ಇದಿರ್ಲಿ ಅಂತ ತಂದೆ, ಬ್ಯಾಡಾಂದ್ರೆ ನಾನೇ ಉಟ್ಕತೀನಿ ಬುಡಿ." ನೀಲಿಯ ಮೇಲೆ ತಟ್ಟೆಯಗಲದ ಹಳದಿ ಹೂಗಳು. ರಂಗತ್ತೆ ಅದನ್ನು ಕೋಲಿನಿಂದಲ್ಲ, ಕೈಯಿಂದಲೇ ತೆಗೆದುಕೊಂಡಳು.

ಆ ಸಂಜೆ ಅಪ್ಪನಿಗೆ ಹೇಳಿದಳು: "ಒಗೆದು ಒಣಗಿಸಿದ್ದು ಮಡಿ ತಾನೆ? ಅದರ ಮೇಲೆ ಹೂವಿದೆಯೋ ಬಳ್ಳಿ ಇದೆಯೋ ಅಂತ ಎಲ್ಲಾದ್ರೂ ಬರೆದಿದ್ಯಾ?" ಅಪ್ಪ ಪಂಚಾಂಗ ನೋಡುವವರಂತೆ ಸೂರು ನೋಡಿದರು. ಆಮೇಲೆ, ನೋಡೇಬಿಡೋಣ ಎಂದರು. ಅವರೇ ಪರೀಕ್ಷೆಯೊಂದನ್ನು ಗೊತ್ತುಮಾಡಿದರು: ಕಾವೇರಿ ದಡದ ಮುತ್ತತ್ತಿಗೆ ಹೋಗುವುದು, ಹೊಳೆಯಲ್ಲಿ ತೆಪ್ಪ ಹತ್ತುವುದು. ಅಕ್ಕನಿಗೆ ನೀರಿನ ಮೇಲೆ ತಲೆ ಸುತ್ತದಿದ್ದರೆ, ಸೀರೆ ತೆಪ್ಪದ ಮೇಲೆಯೇ ಒಣಗಿದರೆ, ಹಡಗಿಗೂ ಕರೆದೊಯ್ಯುವುದು. ಇಲ್ಲದಿದ್ದರೆ ಇಲ್ಲ. ರಂಗತ್ತೆ ಒಪ್ಪಿದಳು. ಆ ರಾತ್ರಿಯೇ ಹೊಸ ಸೀರೆಯನ್ನು ಒಗೆದು ಬಿದಿರಿನ ಮೇಲೆ ಹರವಿದಳು. ಇದು ನನಗೆ ಚೆನ್ನಾಗಿ ನೆನಪಿದೆ.

ಮದ್ದೂರಿನಲ್ಲಿ ಬಸ್ಸು ಬದಲಿಸಿ, ಮಳವಳ್ಳಿ ಹಾದು, ಮುತ್ತತ್ತಿಯಲ್ಲಿಳಿದಾಗ ಬಿಸಿಲು ಏರಿತ್ತು. ಅಪ್ಪ ತಮ್ಮ ಬಟ್ಟೆಗಳಿಗೂ ಪರೀಕ್ಷೆ ಆಗಿಬಿಡಲಿ ಎಂದು ಕೋಟು ಮಫ್ಲರು ಹಾಕಿಕೊಂಡೇ ಬಂದಿದ್ದರು. ತೆಪ್ಪದವನು ಜೊತೆಯವನಿಗೆ ಹೇಳಿದ್ದು ನಮಗೂ ಕೇಳಿಸಿತು. "ಲೇ, ನೋಡ್ಲಾ, ಕೋಟಾಕ್ಕಂಡು ಮೀನಿನ್ ಮನೇಗೆ ಎಣ್ಣು ಕೇಳಾಕ್ ಬಂದವ್ರೆ ಕಣ್ಲಾ!"

ರಂಗತ್ತೆ ಬಿಳಿ ಸೀರೆ ಬದಲಿಸಿ, ನೈಲಾನ್ ಸೀರೆಯುಟ್ಟು ಹೊಳೆಯಲ್ಲಿ ಮುಳುಗಿ ಎದ್ದು, ಒದ್ದೆಯಲ್ಲೇ ತೆಪ್ಪ ಹತ್ತಿದಳು. ಅಮ್ಮ ದಡದಲ್ಲೇ ಉಳಿದಳು. ನಡುನೀರಿಗೆ ಬರುವಷ್ಟರಲ್ಲಿ ಸೀರೆಯ ಸೆರಗು ಗಾಳಿಗೆ ಪಟಪಟ ಬಡಿಯತೊಡಗಿತು. ಅಲ್ಲಿ ತೆಪ್ಪದವನು ಹುಟ್ಟು ತಿರುವಿ ನಮ್ಮನ್ನು ಗಿರ್ರನೆ ಸುತ್ತಿಸಿದ. ಅಪ್ಪ ಎರಡು ಸುತ್ತಿಗೆ ಕಣ್ಣು ಮುಚ್ಚಿದರು. ಆಮೇಲೆ ಪೋಸ್ಟ್ ಮಾಸ್ತರರ ಮಫ್ಲರನ್ನು ಬಾಯಿಗೆ ಹಿಡಿದರು. ಮಫ್ಲರಿನಿಂದ ಆಗುವ ಕೆಲಸವಾಗಿರಲಿಲ್ಲ ಅದು. "ಅಲ್ಲಾಡ್ಬ್ಯಾಡಿ ಮೇಷ್ಟ್ರೇ, ಅಮ್ಮಾರ್ನ ನೋಡಿ ಕಲ್ತ್ಕಳಿ, ಎಂಗ್ ಕುಂತವ್ರೆ!" ಎಂದ ತೆಪ್ಪದವನು. ರಂಗತ್ತೆ ತೆಪ್ಪದ ಅಂಚು ಹಿಡಿದು ಕುಳಿತು ನಗುತ್ತಿದ್ದಳು. ಹಲ್ಲು ಕಾಣುವಂತೆ, ದನಿ ಕೇಳುವಂತೆ. ನಾನು ಅವಳ ಜೊತೆ ಒಂದೇ ಕೋಣೆಯಲ್ಲಿ ಮಲಗಿ ಬೆಳೆದವಳು. ಆ ನಗುವನ್ನು ಅದಕ್ಕೆ ಮೊದಲು ಕೇಳಿರಲಿಲ್ಲ. "ಇನ್ನೊಂದು ಸುತ್ತು ತಿರುಗಿಸಪ್ಪ" ಎಂದಳು.

ದಡಕ್ಕೆ ಬಂದಾಗ ಸೀರೆ ಗರಿಗರಿ ಒಣಗಿತ್ತು. ಪರೀಕ್ಷೆ ಮುಗಿದಿತ್ತು, ಫಲಿತಾಂಶ ಎಲ್ಲರ ಕಣ್ಣೆದುರಿಗಿತ್ತು. ದಡದ ಮರದ ಕೆಳಗೆ ಬುತ್ತಿ ಬಿಚ್ಚಿ ಕುಳಿತಿದ್ದವರಲ್ಲಿ ಅಪ್ಪನ ಶಾಲೆಯ ಇನ್ನೊಬ್ಬ ಮೇಷ್ಟ್ರ ಸಂಸಾರವೂ ಇತ್ತು. ಅವರ ಹೆಂಡತಿ ರಂಗತ್ತೆಯ ಹಳದಿ ಹೂಗಳನ್ನು ನೋಡಿದರು, ಬೋಳು ಹಣೆಯನ್ನು ನೋಡಿದರು, ಮತ್ತೆ ಹೂಗಳನ್ನು ನೋಡಿದರು. ಅಪ್ಪ ಅದನ್ನು ನೋಡಿದರು. ನಾನು ಅಪ್ಪನನ್ನು ನೋಡಿದೆ.

ಅವರು ಹಲ್ಲು ಕಚ್ಚಿ, ಮೆಲ್ಲಗೆ ಹೇಳಿದರು: "ಹೋಗಿ ಬಿಳಿ ಸೀರೆ ಉಟ್ಕೊಂಡು ಬಾ."

"ಒಣಗಿದೆಯಲ್ಲೋ. ಮುಟ್ಟಿ ನೋಡು."

"ಒಣಗಿದ್ಯೋ ಇಲ್ವೋ ಯಾರು ಕೇಳಿದ್ರು ಈಗ?"

ರಂಗತ್ತೆ ಸೆರಗಿನ ತುದಿಯನ್ನು ಅವರ ಮುಂದೆ ಚಾಚಿದಳು. "ನೀನೇ ಕೇಳಿದ್ದಲ್ವೇನೋ ಶೀನ" ಎಂದಳು. ಕೋಪದಿಂದಲ್ಲ, ನಿಜಕ್ಕೂ ತಿಳಿದುಕೊಳ್ಳಬೇಕು ಎನ್ನುವವಳಂತೆ. ಅಪ್ಪ ಹೊಳೆಗಿಳಿದು ಮಫ್ಲರು ತೊಳೆಯತೊಡಗಿದರು. ಬಸ್ಸಿನಲ್ಲಿ ಬಿಳಿ ಸೀರೆಯುಟ್ಟು ಕಿಟಕಿಯ ಪಕ್ಕ ಕುಳಿತವಳು ಹೂವಿನ ಸೀರೆಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡಿದ್ದಳು.

ಮರುದಿನ ಬೀದಿಗೆಲ್ಲ ತಿಳಿಯಿತು: ರಂಗಮ್ಮನವರಿಗೆ ನೀರಿನ ಮೇಲೆ ತಲೆ ಸುತ್ತುತ್ತದೆ, ಅದಕ್ಕೇ ಹಡಗಿಗೆ ಬರುವುದಿಲ್ಲ. ಅಪ್ಪ ತಮ್ಮ ತಲೆಸುತ್ತನ್ನು ಅಕ್ಕನ ಹೆಸರಿಗೆ ಬರೆದುಕೊಟ್ಟಿದ್ದರು. ತಮ್ಮನ್ನು ಬಿಟ್ಟು ಯಾರಿಗೂ ಏನನ್ನೂ ಕೊಟ್ಟವರಲ್ಲವಾದ್ದರಿಂದ ಇದು ದೊಡ್ಡ ಮನಸ್ಸೇ. ನಿಂಗಮ್ಮ ಮಾತ್ರ ಬೇಲಿಯಾಚೆಯಿಂದ ಕೂಗಿದಳು. "ಮೇಷ್ಟ್ರೇ, ಆ ಬೂಟ್ ಇತ್ಲಾಗ್ ಕೊಡಿ. ತೂತಾದ್ರೆ ತಾವು ಬರೀ ಕಾಲಲ್ಲೇ ಓಗಿ."

ಹಡಗಿನ ಬಗ್ಗೆ ಹೇಳುವುದು ಹೆಚ್ಚಿಲ್ಲ. ಅಪ್ಪ, ಅಮ್ಮ, ನಾನು ಹೋದೆವು. ಚಳಿಯಾಗಲಿಲ್ಲ. ಮಳೆ ಬರಲಿಲ್ಲ. ಟ್ರಂಕಿನಲ್ಲಿದ್ದ ಉಣ್ಣೆಯನ್ನು ಯಾರೂ ಮುಟ್ಟಲಿಲ್ಲ. ಸಮುದ್ರ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿತ್ತು, ಅಷ್ಟೆ. ನನಗೆ ಅದನ್ನು ನೆಟ್ಟಗೆ ನೋಡಲಾಗಲಿಲ್ಲ. ನಾನು ನೋಡಿದ್ದು ಹಡಗಿನ ಮೇಲಟ್ಟದ ಕಂಬಿಗಳನ್ನು. ಅವುಗಳ ಉದ್ದಕ್ಕೂ ಸೀರೆಗಳು ಒಣಗುತ್ತಿದ್ದವು. ಯಾವ ಸೀಮೆಯವರೋ, ರಂಗತ್ತೆಯಂಥ ಮುದುಕಿಯರು ಬೆಳಿಗ್ಗೆಯೇ ತಣ್ಣೀರು ಸುರಿದುಕೊಂಡು ಸೀರೆ ಹಿಂಡಿ ಕಟ್ಟಿದ್ದರು. ಬಿಳಿ, ಕೆಂಪು, ಒಂದೆರಡು ಹೂವಿನವೂ ಇದ್ದವು. ಹತ್ತಿಯವೂ ಒಣಗಿದ್ದವು. ಅಪ್ಪ ಅವುಗಳಿಗೆ ಬೆನ್ನು ಹಾಕಿ ಕುಳಿತು ಅಮ್ಮನಿಗೆ ಗಾಳಿಯ ದಿಕ್ಕು ವಿವರಿಸುತ್ತಿದ್ದರು.

ಮನೆಗೆ ಬಂದಾಗ ರಂಗತ್ತೆ ನನ್ನೊಬ್ಬಳನ್ನೇ ಕರೆದು ಕೇಳಿದಳು: "ಸೀರೆ ಒಣಗೋ ಹಾಗಿತ್ತೇನೇ ಅಲ್ಲಿ?"

"ಇತ್ತು ಅತ್ತೆ" ಎಂದೆ.

ಅವಳು ತಲೆಯಾಡಿಸಿದಳು. ಮರುದಿನ ಬೆಳಿಗ್ಗೆ ಅವಳು ದೇವರ ಮನೆಯಿಂದ ಹೊರಬಂದದ್ದು ಹಳದಿ ಹೂವಿನ ಸೀರೆಯಲ್ಲಿ. ಒಗೆದದ್ದು, ಬಿದಿರಿನ ಮೇಲೆ ಒಣಗಿಸಿದ್ದು, ಯಾರೂ ಮುಟ್ಟದ್ದು. ಅದರಲ್ಲಿ ಯಾವ ಲೋಪವನ್ನೂ ತೋರಿಸುವಂತಿರಲಿಲ್ಲ. ಅಂದಿನಿಂದ ಅವಳ ಪೂಜೆಯ ಮಡಿ ಅದೇ. ಅಪ್ಪ ಪ್ರತಿದಿನ ಆ ಹೂಗಳ ಮುಂದೆ ತಲೆ ಬಗ್ಗಿಸಿ, ಅಂಗೈ ಚಾಚಿ, ತೀರ್ಥ ತೆಗೆದುಕೊಳ್ಳಬೇಕಾಗಿತ್ತು. ನೆಂಟರು ಬಂದ ದಿನ ಅಪ್ಪ ಬೇಗನೆ ಹೊರಗೆ ಹೋಗಿಬಿಡುತ್ತಿದ್ದರು. ಅವಳು ತೀರ್ಥದ ಬಟ್ಟಲು ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದಳು. ಸಮುದ್ರವನ್ನು ನೋಡದೆಯೇ ತೀರಿಕೊಂಡಳು.

ಅವಳು ಹೋದ ಮೇಲೆ ಅಪ್ಪನ ಮಾತು ನಿಧಾನವಾಗಿ ಬದಲಾಯಿತು. ಮೊದಲು "ಅಕ್ಕನ್ನೂ ಕರ್ಕೊಂಡು ಹೋಗಬೇಕು ಅಂತಿದ್ದೆ" ಎನ್ನುತ್ತಿದ್ದರು. ಕೆಲವು ವರ್ಷಗಳ ಮೇಲೆ "ಅಕ್ಕನೂ ಹೊರಟಿದ್ದಳು" ಎಂದರು. ಕೊನೆಗಾಲದಲ್ಲಿ ರಂಗತ್ತೆ ಹಡಗಿನ ಕಂಬಿ ಹಿಡಿದು ನಿಂತು ಸೂರ್ಯನಿಗೆ ಅರ್ಘ್ಯ ಕೊಟ್ಟಳು, ಸುತ್ತಲಿದ್ದವರೆಲ್ಲ ಕೈ ಮುಗಿದರು ಎಂದು ಮೊಮ್ಮಕ್ಕಳಿಗೆ ವರ್ಣಿಸುತ್ತಿದ್ದರು. ಆ ವರ್ಣನೆಯಲ್ಲಿ ಅವಳು ಬಿಳಿ ಸೀರೆಯಲ್ಲೇ ಇರುತ್ತಿದ್ದಳು. ಯಾರೂ ತಿದ್ದಲಿಲ್ಲ. ಅಪ್ಪ ಸುಳ್ಳು ಹೇಳುತ್ತಿದ್ದರೋ, ನಂಬಿಕೊಂಡಿದ್ದರೋ, ನನಗೆ ತಿಳಿಯದು. ತಿಳಿಯದ್ದನ್ನು ಹೇಳುವುದಿಲ್ಲ ಎಂದಿದ್ದೇನೆ.

"ಅಮ್ಮ, ಎಲ್ಲಿದೀಯ? ಆಗಿನಿಂದ ಕೇಳ್ತಿದೀನಿ" ಎಂದಳು ಮಗಳು. ಸೂಟ್‌ಕೇಸಿನ ಮುಚ್ಚಳದ ಮೇಲೆ ಕುಳಿತು ಜಿಪ್ಪು ಎಳೆಯುತ್ತಿದ್ದಳು. "ಆ ಕಾಲದಲ್ಲೇ ರಂಗಜ್ಜಿ ಹಡಗು ಹತ್ತಿದ್ದರಲ್ಲ, ಅವರು ಏನು ಉಟ್ಕೊಂಡಿದ್ರು?"

"ಅವಳು ಬರಲಿಲ್ಲ" ಎಂದೆ. "ಕರೆದುಕೊಂಡು ಹೋಗಲಿಲ್ಲ."

"ಮತ್ತೆ ತಾತ ಹೇಳ್ತಿದ್ರು?"

"ನಾನು ಇದ್ದೆ. ಅವಳು ಇರಲಿಲ್ಲ."

"ಯಾಕೆ ಕರ್ಕೊಂಡು ಹೋಗಲಿಲ್ಲ?"

"ಸೀರೆ ಒಣಗಲ್ಲ ಅಂತ."

ಮಗಳು ಜೋರಾಗಿ ನಕ್ಕಳು. ತಮಾಷೆ ಎಂದುಕೊಂಡಳು. ನಾನು ನಗದೆ ಅವಳ ಎದುರಿಗೆ ಕುಳಿತು, ಆ ನಗು ನಿಲ್ಲುವುದನ್ನೇ ಕಾದೆ.