ಬೀಸುವ ಕಲ್ಲು ನಿಂತರೆ

ಉಪ್ಪಿನ ಕಡಲಿನ ದಂಡೆಯಲ್ಲಿ ಮಡಿಯಿಂದ ಬಾಳುತ್ತಿದ್ದ, ಗಂಡಸರಷ್ಟೇ ಇದ್ದ ಬಿಳಿಬಟ್ಟೆಯ ಸಂಘದವರಿಗೆ ಜವೆಗೋದಿ ಬೀಸಿಕೊಡುತ್ತಿದ್ದವಳು ಶಪ್ಪೀರಾ. ಒಣಹಿಟ್ಟಿಗೆ ಹೆಂಗಸಿನ ಕೈ ತಾಗಬಹುದು. ನೀರು ಬಿದ್ದ ಮೇಲೆ ತಾಗಿದರೆ ಮೈಲಿಗೆ. ಹಾಗಾಗಿ ನಾದುವುದು, ಹರಸುವುದು, ತಿನ್ನುವುದು ಅವರು, ಬೀಸುವುದು ಇವಳು. ಸಭೆಯಲ್ಲಿ ನಕ್ಕವನಿಗೆ, ತೂಕಡಿಸಿದವನಿಗೆ ಏನು ಶಿಕ್ಷೆಯೆಂದು ಅವರ ನಿಯಮದ ಸುರುಳಿಗಳಲ್ಲಿ ಬರೆದಿತ್ತು. ಬೀಸುವವಳ ಬಗ್ಗೆ ಒಂದು ಸಾಲೂ ಇರಲಿಲ್ಲ.

ಅವಳ ತಮ್ಮ ಯಾಕೀಮ್ ಸಂಘದವನೇ. ಹಿರಿಯರ ಮೇಲೆ ಗೊಣಗಿದನೆಂದು ಹೊರಹಾಕಿದರು. ಸಂಘದ ಊಟವಲ್ಲದೆ ಬೇರೆ ಮುಟ್ಟೆನೆಂದು ಸೇರುವಾಗಲೇ ಆಣೆಯಿಟ್ಟಿದ್ದ. ಅಕ್ಕನ ಗುಡಿಸಿಲಿನೆದುರು ಕೂತು ಹುಲ್ಲು ತಿನ್ನತೊಡಗಿದ.

"ರೊಟ್ಟಿ ತಿನ್ನೋ ಮಾರಾಯ. ಆಡು ನಿನ್ನ ನೋಡಿ ಹೊಟ್ಟೆಕಿಚ್ಚು ಪಡ್ತಿದೆ."

"ಆಣೆ, ಅಕ್ಕ."

"ಅಲ್ಲಿ ತಿಂದಿದ್ದೂ ನಾನು ಬೀಸಿದ ಹಿಟ್ಟೇ ತಾನೆ?"

"ನಾದಿದ್ದು ನೀನಲ್ವಲ್ಲ."

ಅವನ ತುಟಿ ಹಸಿರಾಯಿತು, ಆಮೇಲೆ ಹಲ್ಲು. ಮಾತು ನಿಂತಿತು. ರೆಪ್ಪೆ ಮುಚ್ಚುವುದೂ ನಿಂತಿತು. ನೊಣಗಳು ಅವನ ಮೇಲೆ ಕೂರುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವನು ಬಿಸಿಲಲ್ಲಿ ಬೇಯುವುದನ್ನು ನೋಡಲಾರದೆ ಶಪ್ಪೀರಾ ಅವನನ್ನು ಒಳಗೆಳೆದುಕೊಂಡಳು. ಇದ್ದದ್ದು ಒಂದೇ ಕೋಣೆ: ಬೀಸುವ ಕಲ್ಲು, ಗೋಡೆಗುಂಟ ಸಂಘದ ಹಿಟ್ಟಿನ ಗುಡಾಣಗಳು.

ಹಿಟ್ಟಿಗೆಂದು ಬಂದ ಮೇಲ್ವಿಚಾರಕ ಹಿಲ್ಕೀಯ ಹೊಸ್ತಿಲಾಚೆಯೇ ನಿಂತ. ಸೂರಿನಡಿ ಜೀವ ಹೋದರೆ ಒಣಹಿಟ್ಟೂ ಮೈಲಿಗೆ, ಗೋಡೆಯ ಮೊಳೆಯೂ ಮೈಲಿಗೆ.

"ಅವನನ್ನ ಹೊರಗೆ ಹಾಕಮ್ಮ. ಹಬ್ಬದವರೆಗಿನ ಹಿಟ್ಟು ಅದು."

"ಗೊತ್ತು, ಬೀಸಿದ್ದು ನಾನೇ. ನೀವೇ ಹೊರಗೆ ಹಾಕಿ."

"ಹೊರಹಾಕಿದವನನ್ನ ನಾವು ಮುಟ್ಟೋ ಹಾಗಿಲ್ಲ."

"ವಾಪಸ್ ಸೇರಿಸ್ಕೊಂಡ್ರೆ ಮುಟ್ಟಬಹುದಲ್ಲ, ಸ್ವಾಮಿ."

ಹಿಲ್ಕೀಯ ಹಿರಿಯರನ್ನು ಕೇಳಲು ಓಡಿದ. ಅವಳು ಬೀಸತೊಡಗಿದಳು. ಕಲ್ಲು ತಿರುಗಿದಾಗ ತಮ್ಮನ ಗಂಟಲಿನಿಂದಲೂ ಅದೇ ಗರಗರ ಬರುತ್ತಿತ್ತು. ಕಾಳು ಸುರಿಯಲು ಕೈ ತೆಗೆದಳು. ಕಲ್ಲಿನೊಂದಿಗೆ ಅದೂ ನಿಂತಿತು. ಆಮೇಲೆ ಅವಳು ಕೈ ತೆಗೆಯಲಿಲ್ಲ. ಕಾಳು ಮುಗಿದರೂ ಬರಿಗಲ್ಲು ತಿರುಗಿಸಿದಳು. ಬಿಳಿಬಟ್ಟೆಯವರು ಬಂದು, ಅವನನ್ನು ಹೊತ್ತುಕೊಂಡು, ತಿರುವಿನಲ್ಲಿ ಮರೆಯಾಗುವವರೆಗೂ ತಿರುಗಿಸಿದಳು.

ಬದುಕಿದನೋ ಇಲ್ಲವೋ ಯಾರೂ ಹೇಳಲಿಲ್ಲ. ಹಬ್ಬ ಮುಗಿದ ಮೇಲೆ ಗುಡಾಣ ಒಯ್ಯಲು ಬಂದವರಲ್ಲಿ ಒಬ್ಬನ ಹಲ್ಲು ಹಸಿರಾಗಿತ್ತು. ಅವಳು ಬೀಸುತ್ತಲೇ ನೋಡಿದಳು.

"ಯಾಕೀಮ್, ಹೊಟ್ಟೆಗೆ ಸರಿಯಾಗಿ ಹಾಕ್ತಾರಾ?"

ಅವನು ತಲೆಯೆತ್ತದೆ ಗುಡಾಣ ಹೊತ್ತು ನಡೆದ. ಸೆರಗಿನಿಂದ ಬೆವರು ಒರೆಸಿಕೊಳ್ಳಲು ಶಪ್ಪೀರಾ ಕೈ ತೆಗೆದಳು. ದಾರಿಯಲ್ಲಿ ಅವನ ಹೆಜ್ಜೆ ನಿಂತಿತು, ಕಾಲೊಂದು ಗಾಳಿಯಲ್ಲೇ ಉಳಿಯಿತು.

ಅವಳು ಬೆವರು ಒರೆಸಿಕೊಳ್ಳದೆ ಮತ್ತೆ ಕಲ್ಲಿಗೆ ಕೈ ಹಾಕಿದಳು.